ಆ ಮಾತ್ರೆಗೆ ನಾವಿಟ್ಟ ಹೆಸರೇ ಸರಿಯಿಲ್ಲ

ನನ್ನ ಅಕ್ಕನ ಹೃದಯದಲ್ಲಿ ಮೆಟಲ್ ವಾಲ್ವ್ ಇದೆ. ಮೈಟ್ರಲ್ ಜಾಗದಲ್ಲಿ, ಅಂದರೆ ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ. ರಾತ್ರಿ ಎಲ್ಲ ಸದ್ದಡಗಿದ ಮೇಲೆ ಪಕ್ಕದಲ್ಲಿ ಮಲಗಿದವರಿಗೆ ಅದರ ಟಿಕ್ ಟಿಕ್ ಕೇಳಿಸುತ್ತದೆ. ಆ ಸದ್ದು ಕೇಳುತ್ತಿದ್ದರೆ ನನಗೆ ನಿದ್ದೆ ಚೆನ್ನಾಗಿ ಬರುತ್ತದೆ.

ಒಮ್ಮೆ ಅವಳಿಗೆ ಹಲ್ಲು ಕೀಳಿಸಬೇಕಾಗಿ ಬಂತು. "ರಕ್ತ ತೆಳು ಮಾಡೋ ಮಾತ್ರೆ ತಗೊಳ್ತೀರಾ? ಹಾಗಾದ್ರೆ ಒಂದು ವಾರ ನಿಲ್ಲಿಸಿ ಬನ್ನಿ" ಅಂದರು ಹಲ್ಲಿನ ಡಾಕ್ಟರು. ಅಕ್ಕ ನಿಲ್ಲಿಸಿದಳು. ಮನೆಯವರೆಲ್ಲ ಸರಿ ಅಂದೆವು, ನಾನೂ ಸೇರಿ. ವಾರದ ಕೊನೆಗೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ತೋರಿಸುವ ರಕ್ತಪರೀಕ್ಷೆಯ ಅಂಕಿ) ನೋಡಿದರೆ 1.2! ಅವಳ ವಾಲ್ವಿಗೆ ಅದು 2.5ರಿಂದ 3.5ರ ಒಳಗೆ ಇರಬೇಕು. ಮಾತ್ರೆಯನ್ನೇ ತೆಗೆದುಕೊಳ್ಳದವರಿಗೆ ಬರುವುದು ಸುಮಾರು 1. ಅಂದರೆ ವಾಲ್ವಿನಲ್ಲಿ ಹೆಪ್ಪು ಕಟ್ಟದಂತೆ ತಡೆಯುವ ಕಾವಲೇ ಅವಳಿಗೆ ಇರಲಿಲ್ಲ. ಅಂಕಿ ಮೇಲೆ ಬರುವ ತನಕ ಹೆಪ್ಪು ತಡೆಯುವ ಹೆಪಾರಿನ್ ಇಂಜೆಕ್ಷನ್ ಕೊಟ್ಟು ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಹೆಪ್ಪು ಕಟ್ಟಿರಲಿಲ್ಲ, ಅದು ನಮ್ಮ ಪುಣ್ಯ.

ಆಗಿನಿಂದ ನನಗೆ ಅನಿಸುತ್ತಿರುವುದು ಇಷ್ಟು: ತಪ್ಪು ಶುರುವಾಗುವುದೇ ಆ ಹೆಸರಿನಿಂದ. ರಕ್ತ ತೆಳು ಮಾಡುವ ಮಾತ್ರೆ. ಕೇಳಿದವರಿಗೆ ರಕ್ತ ನೀರಾಗಿ ಹೋಗುವ ಹಾಗೆ ಅನಿಸುತ್ತದೆ, ಹೆದರಿಕೆಯಾಗುತ್ತದೆ, ನಿಲ್ಲಿಸಿದರೆ ಒಳ್ಳೆಯದು ಅನಿಸುತ್ತದೆ. ಆ ಹೆಸರಿನಲ್ಲಿ ಕೊಡುವ ವಾರ್ಫರಿನ್ ಆಗಲಿ ಅಸೆನೋಕೂಮರಾಲ್ ಆಗಲಿ ರಕ್ತವನ್ನು ತೆಳು ಮಾಡುವುದೇ ಇಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಪ್ರೋಟೀನುಗಳನ್ನು ನಮ್ಮ ಲಿವರ್ ವಿಟಮಿನ್ ಕೆ ನೆರವಿನಿಂದ ತಯಾರಿಸುತ್ತದೆ. ಈ ಮಾತ್ರೆ ಆ ವಿಟಮಿನ್ನಿಗೆ ಅಡ್ಡ ಬರುತ್ತದೆ, ಅಷ್ಟೇ. ಹಳೆಯ ಪ್ರೋಟೀನು ಖರ್ಚಾಗುವವರೆಗೆ ಕಾಯಬೇಕಾದ್ದರಿಂದ ಇವತ್ತು ನುಂಗಿದ ಮಾತ್ರೆಯ ಫಲ ಎರಡು ಮೂರು ದಿನದ ಮೇಲೆ ಕಾಣುತ್ತದೆ.

ಇತ್ತ ವಾಲ್ವ್ ಎಷ್ಟೇ ನುಣುಪಾಗಿದ್ದರೂ ದೇಹದ ಪಾಲಿಗೆ ಅದು ಹೊರಗಿನ ವಸ್ತು. ಅದರ ಪುಟ್ಟ ಬಾಗಿಲುಗಳ ಕೀಲಿನ ಹತ್ತಿರ ರಕ್ತ ಸ್ವಲ್ಪ ನಿಂತರೂ ಹೆಪ್ಪು ಕಟ್ಟಬಹುದು. ಅದು ಬಾಗಿಲನ್ನು ಕಚ್ಚಿ ಹಿಡಿಯಬಹುದು, ಇಲ್ಲವೇ ಕಳಚಿಕೊಂಡು ಮೆದುಳಿಗೆ ಹೋಗಬಹುದು. ಮೈಟ್ರಲ್ ಜಾಗದಲ್ಲಿ ರಕ್ತದ ಹರಿವು ನಿಧಾನ, ಹಾಗಾಗಿ ಅಪಾಯ ಇನ್ನೂ ಜಾಸ್ತಿ. ಟಿಕ್ ಟಿಕ್ ಸದ್ದು ಇದ್ದಕ್ಕಿದ್ದಂತೆ ಮಂಕಾದರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ ಬೆಳಗಾಗಲಿ ಅಂತ ಕಾಯಬೇಡಿ. ತಲೆಗೆ ಪೆಟ್ಟು ಬಿದ್ದರೆ, ಮಲ ಕಪ್ಪಗೆ ಹೋದರೆ ಕೂಡ ಅಷ್ಟೇ ಬೇಗ ಹೊರಡಿ.

ಅದೇ ಹೆಸರಿನ ಇನ್ನೊಂದು ಕೆಡುಕು ಇದೆ. "ರಕ್ತ ತೆಳು ಮಾಡೋದಕ್ಕೆ ಹೊಸ ಮಾತ್ರೆ ಬಂದಿದೆಯಲ್ಲ, ಟೆಸ್ಟ್ ಗೋಜೇ ಇಲ್ಲ" ಅಂತ ಅಕ್ಕನಿಗೆ ಸಲಹೆ ಕೊಟ್ಟವರು ಎಷ್ಟು ಜನ! ಬೇರೆ ತೊಂದರೆಗಳಿಗೆ ಆ ಮಾತ್ರೆಗಳು ತುಂಬಾ ಒಳ್ಳೆಯವು, ನಿಜ. ಮೆಟಲ್ ವಾಲ್ವಿಗೆ ಅಲ್ಲ. ಆ ಹೊಸ ಮಾತ್ರೆಗಳಲ್ಲಿ ಒಂದಾದ ಡಬಿಗಟ್ರಾನನ್ನು ಮೆಟಲ್ ವಾಲ್ವ್ ಇದ್ದವರಿಗೆ ಕೊಟ್ಟು ನೋಡಿದ ಪ್ರಯೋಗದಲ್ಲಿ ಹೆಪ್ಪೂ ಜಾಸ್ತಿಯಾಯಿತು, ರಕ್ತಸ್ರಾವವೂ ಜಾಸ್ತಿಯಾಯಿತು. ಅರ್ಧಕ್ಕೇ ನಿಲ್ಲಿಸಿದರು, 2013ರಲ್ಲಿ ಅದರ ವರದಿ ಬಂತು. ಇನ್ನೊಂದು ಹೊಸ ಮಾತ್ರೆ ಎಪಿಕ್ಸಬಾನ್‌ನ ಪ್ರಯೋಗವನ್ನೂ 2022ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು. ಬರೀ ಆಸ್ಪಿರಿನ್ ಕೂಡ ಸಾಲದು.

"ಅದು ಇಲಿ ಪಾಷಾಣ ಕಣಮ್ಮ" ಅಂತ ಹೆದರಿಸಿದವರೂ ಇದ್ದಾರೆ. ಹೌದು, ವಾರ್ಫರಿನ್ 1948ರಲ್ಲಿ ಬಂದದ್ದು ಇಲಿ ಕೊಲ್ಲಲು. ಕೆಟ್ಟ ಮೇವು ತಿಂದ ದನಗಳು ರಕ್ತ ಸುರಿದು ಸಾಯುತ್ತಿದ್ದುದರ ಕಾರಣ ಹುಡುಕುತ್ತಾ ಹೋದವರ ಕೈಗೆ ಸಿಕ್ಕ ವಸ್ತುವಿನಿಂದ ಹುಟ್ಟಿದ ಮದ್ದು ಅದು. 1954ರಲ್ಲಿ ಮನುಷ್ಯರಿಗೂ ಕೊಡಲು ಒಪ್ಪಿಗೆ ಸಿಕ್ಕಿತು. ಇಲಿಗೂ ನನ್ನ ಅಕ್ಕನಿಗೂ ಇರುವ ವ್ಯತ್ಯಾಸ ಐಎನ್‌ಆರ್ ಟೆಸ್ಟ್. ಅಳತೆ ಮಾಡಿ ಕೊಟ್ಟಾಗ ಅದು ಮದ್ದು. ಅದಕ್ಕೇ ಟೆಸ್ಟ್ ತಪ್ಪಿಸುವುದೂ ಮಾತ್ರೆ ತಪ್ಪಿಸುವುದೂ ನನ್ನ ಕಣ್ಣಿಗೆ ಒಂದೇ.

ಸೊಪ್ಪು ಬಿಡಬೇಕಾ ಅಂತ ಕೇಳುತ್ತಾರೆ. ಬೇಡ. ಒಂದು ವಾರ ರಾಶಿ ತಿಂದು ಮರುವಾರ ಮುಟ್ಟದೇ ಇರುವುದು ತಪ್ಪು, ಹೆಚ್ಚುಕಮ್ಮಿ ಒಂದೇ ಅಳತೆಯಲ್ಲಿ ತಿನ್ನಿ. ಸೊಪ್ಪಿಗಿಂತ ನನಗೆ ಭಯ ಬೇರೆ ಮಾತ್ರೆಗಳದ್ದು. ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್, ಫ್ಲುಕೊನಜೋಲ್ ಐಎನ್‌ಆರ್ ಏರಿಸಿಬಿಡುತ್ತವೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸಿಬಿಡುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳಿಂದ ಹೊಟ್ಟೆಯೊಳಗೆ ರಕ್ತ ಸೋರಬಹುದು. ಯಾವ ಡಾಕ್ಟರ ಮುಂದೆ ಕೂತರೂ ಮೊದಲ ಮಾತೇ "ನನಗೆ ಮೆಟಲ್ ವಾಲ್ವ್ ಇದೆ" ಅಂತ ಇರಲಿ. ಮಗು ಬೇಕೆನ್ನುವ ಹೆಣ್ಣುಮಕ್ಕಳು ಗರ್ಭ ನಿಲ್ಲುವ ಮೊದಲೇ ಮಾತಾಡಬೇಕು, ಏಕೆಂದರೆ ಮೊದಲ ತಿಂಗಳುಗಳಲ್ಲಿ ವಾರ್ಫರಿನ್ ಮಗುವಿಗೆ ತೊಂದರೆ ಮಾಡಬಹುದು. ಹಾಗಂತ ತಾವೇ ನಿಲ್ಲಿಸುವುದೂ ಅಪಾಯವೇ.

ಹೋದ ವರ್ಷ ಅಕ್ಕನಿಗೆ ಇನ್ನೊಂದು ಹಲ್ಲು ಕೀಳಿಸಬೇಕಾಯಿತು. ಈ ಸಲ ಮೊದಲು ಹೃದಯದ ಡಾಕ್ಟರನ್ನು ಕೇಳಿದೆವು. ಮಾತ್ರೆ ಒಂದು ದಿನವೂ ನಿಲ್ಲಿಸಲಿಲ್ಲ. ಹಿಂದಿನ ದಿನ ಐಎನ್‌ಆರ್ ನೋಡಿದರು, 2.9. ವಾಲ್ವಿಗೆ ಸೋಂಕು ತಗಲದಿರಲಿ ಅಂತ ಒಂದು ಡೋಸ್ ಆಂಟಿಬಯಾಟಿಕ್ ಮೊದಲೇ ಕೊಟ್ಟರು. ಹಲ್ಲು ಕಿತ್ತು ಎರಡು ಹೊಲಿಗೆ ಹಾಕಿದರು. ಅಕ್ಕ ಹತ್ತಿಯನ್ನು ಗಟ್ಟಿಯಾಗಿ ಕಚ್ಚಿ ಹಿಡಿದು ಕೂತಿದ್ದಳು. ಸ್ವಲ್ಪ ಹೊತ್ತಿಗೆ ರಕ್ತ ನಿಂತಿತು. ರಾತ್ರಿ ಎಂದಿನ ಹೊತ್ತಿಗೆ ಮಾತ್ರೆ ನುಂಗಿ ಮಲಗಿದಳು.