ಅಕ್ಕನ ಮನೆಗೆ ಹೊರಟ ಡಿಸ್ಕ್

ಹೊಸ ಹಾರ್ಡ್ ಡಿಸ್ಕಿನ ಪೆಟ್ಟಿಗೆಯ ಮೇಲೆ ಒಂದು ಟಿಬಿ, ಅಂದರೆ ಸಾವಿರ ಜಿಬಿ, ಎಂದು ಬರೆದಿತ್ತು. ಮನೆಗೆ ತಂದು ಕಂಪ್ಯೂಟರಿಗೆ ಸಿಕ್ಕಿಸಿದರೆ 931 ಜಿಬಿ ಎಂದು ತೋರಿಸಿತು. ಉಳಿದ 69 ಎಲ್ಲಿ? ಸಂತೆಯಲ್ಲಿ ತಕ್ಕಡಿಯ ಮುಳ್ಳಿನ ಮೇಲೆಯೇ ಕಣ್ಣಿಟ್ಟು ಬೆಳೆದವನು ನಾನು. ಬಿಲ್ಲು ಹಿಡಿದು ಅಂಗಡಿಗೆ ಹೋದೆ. ದಿನಕ್ಕೆ ನಾಲ್ಕು ಸಲ ಇದೇ ಪ್ರಶ್ನೆಗೆ ಉತ್ತರಿಸುವವನ ತಾಳ್ಮೆಯಿಂದ ಹುಡುಗ ವಿವರಿಸಿದ: ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ. ಅಕ್ಕಿ ಅಷ್ಟೇ ಇದೆ, ಸೇರು ಬೇರೆ. ಮೋಸ ಯಾರದ್ದೂ ಅಲ್ಲ ಎಂದು ಖಾತ್ರಿಯಾದ ಮೇಲೂ ಯಾಕೋ ಸಮಾಧಾನವಾಗಲಿಲ್ಲ.

ಆ ಸಂಜೆ ಕಂಪ್ಯೂಟರಿನಲ್ಲಿದ್ದ ನಾನೂರು ಜಿಬಿಯಷ್ಟು ಕಡತಗಳನ್ನು ಹೊಸ ಡಿಸ್ಕಿಗೆ ಸಾಗಿಸಲು ಕುಳಿತೆ. 'ಹತ್ತು ನಿಮಿಷ ಉಳಿದಿದೆ' ಎಂದಿತು ಪರದೆ. ಕಾಫಿ ಮುಗಿಸಿ ಬಂದಾಗ 'ಎರಡು ಗಂಟೆ'. ಸಿನಿಮಾದಂಥ ದೊಡ್ಡ ಕಡತವಾದರೆ ಕುಂಬಳಕಾಯಿಯಂತೆ ಒಂದೇ ಸಲಕ್ಕೆ ಎತ್ತಿ ಆಚೆ ಇಡಬಹುದು. ನನ್ನ ಬಳಿ ಇದ್ದದ್ದು ಸಾಸಿವೆ. ಸಾವಿರಾರು ಸಣ್ಣ ಕಡತಗಳು, ಒಂದೊಂದಕ್ಕೂ ಹೆಸರು, ತಾರೀಕು, ಜಾಗ ದಾಖಲಿಸಿಕೊಂಡೇ ಮುಂದೆ ಹೋಗಬೇಕು. ಸಾಲದ್ದಕ್ಕೆ ನಾನು ತಂತಿಯನ್ನು ಹಳೆಯ ಕಪ್ಪು ಕಿಂಡಿಗೆ ಸಿಕ್ಕಿಸಿದ್ದೆ. ಪಕ್ಕದಲ್ಲಿದ್ದ ನೀಲಿ ಕಿಂಡಿ ಅದಕ್ಕಿಂತ ಎಷ್ಟೋ ಪಾಲು ವೇಗದ್ದು ಎಂಬುದು ತಿಳಿಯುವ ಹೊತ್ತಿಗೆ ರಾತ್ರಿ ಊಟವಾಗಿತ್ತು.

ಹಾಗೆ ಕಾಯುವಾಗ ಮನುಷ್ಯ ಹಳೆಯ ಫೋಲ್ಡರುಗಳ ಒಳಗೆ ಇಣುಕುತ್ತಾನೆ, ಇಣುಕಬಾರದು. 'ಬ್ಯಾಕಪ್ 2014' ಎಂಬುದರೊಳಗೆ 'ಹಳೆಯ ಕಂಪ್ಯೂಟರ್ ಪೂರ್ತಿ', ಅದರೊಳಗೆ 'ಬ್ಯಾಕಪ್ 2009', ಅದರೊಳಗೆ 'ಮುಖ್ಯ', ಅದರೊಳಗೆ 'ತುಂಬಾ ಮುಖ್ಯ'. ಆ ತುಂಬಾ ಮುಖ್ಯವಾದದ್ದು ಗೋಡೆಯ ಮೇಲಿನ ಹಲ್ಲಿಯ ಮಸುಕಾದ ಒಂದು ಚಿತ್ರ. ಆಧಾರ್, ಪಾಸ್‌ಬುಕ್ಕುಗಳ ಪ್ರತಿ ಕಳೆದರೆ ಕಚೇರಿಗೆ ಅಲೆದಾದರೂ ತರಬಹುದು. ಹಲ್ಲಿಯನ್ನು ಯಾವ ಕಚೇರಿಯೂ ಮತ್ತೆ ಕೊಡುವುದಿಲ್ಲ. ಹಾಗಾಗಿ ಅದನ್ನೂ ಸಾಗಿಸಿದೆ.

ಪ್ರತಿ ಮಾಡಿಸುವ ಚಿಂತೆ ನಮ್ಮವರಿಗೆ ಹೊಸದೇನಲ್ಲ. ಪೊನ್ನನ ಶಾಂತಿಪುರಾಣ ಅಳಿದುಹೋಗಬಾರದೆಂದು ಅತ್ತಿಮಬ್ಬೆ ಅದರ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು, ಹತ್ತನೆಯ ಶತಮಾನದಲ್ಲಿ. ಒಂದೊಂದು ತಾಳೆಗರಿಯನ್ನೂ ಕಂಠವೆಂಬ ಕಬ್ಬಿಣದ ಲೇಖನಿಯಿಂದ ಕೊರೆದ ಲಿಪಿಕಾರರ ಮುಂದೆ ನನ್ನ ನಾಲ್ಕು ಗಂಟೆ ಯಾವ ಲೆಕ್ಕ? ವಿಚಿತ್ರವೆಂದರೆ ಅವಳೇ ಆಶ್ರಯ ಕೊಟ್ಟ ರನ್ನನ ಪರಶುರಾಮಚರಿತೆ ಇವತ್ತಿಗೂ ಸಿಕ್ಕಿಲ್ಲ. ಪಕ್ಕದ ಕಪಾಟಿನದನ್ನು ಮರೆಯುವುದು ನನ್ನೊಬ್ಬನ ಚಾಳಿಯಲ್ಲ ಎಂದು ಕೊಂಚ ಧೈರ್ಯ ಬಂತು.

ರಾತ್ರಿ ಹನ್ನೊಂದಕ್ಕೆ ಸಿಕ್ಕಿದ್ದು ಅಮ್ಮನ ಅಡುಗೆಯ ಕಡತ. 2004ರಲ್ಲಿ ಅವಳು ಹೇಳುತ್ತ ಹೋಗಿದ್ದಳು, ನಾನು ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದೆ. ತೆರೆದರೆ ಕನ್ನಡವೇ ಇಲ್ಲ. 'ನನ್ನ' ಎಂದಿರಬೇಕಾದ ಕಡೆ ಎರಡು ಪೌಂಡ್ ಚಿಹ್ನೆ, ತಲೆಯ ಮೇಲೆ ಗೀರು ಎಳೆದುಕೊಂಡ ಎರಡು ಇಂಗ್ಲಿಷ್ 'ಎ', ಕೊನೆಗೆ ಗ್ರೀಕಿನ ಬೀಟಾದಂಥ ಒಂದು ಆಕೃತಿ. ಅಮ್ಮ ಬ್ರಿಟಿಷ್ ಬ್ಯಾಂಕಿನ ಲೆಕ್ಕ ಬರೆಸಿದಂತಿತ್ತು. ಆ ಕಾಲದ ಫಾಂಟುಗಳಲ್ಲಿ ಯುರೋಪಿನ ಅಕ್ಷರಗಳ ಜಾಗದಲ್ಲಿ ನಮ್ಮ ಅಕ್ಷರದ ತುಣುಕುಗಳನ್ನು ಕೂರಿಸಿದ್ದರು. ಫಾಂಟು ಇದ್ದರೆ ಕನ್ನಡ, ಇಲ್ಲದಿದ್ದರೆ ಅಡಿಯಲ್ಲಿರುವ ಮೂಲ ನಿವಾಸಿಗಳು ಎದ್ದು ಕೂರುತ್ತವೆ. ನಾನು ನಾಲ್ಕು ಕಂಪ್ಯೂಟರ್ ದಾಟಿಸಿಕೊಂಡು ಕಡತವನ್ನು ಭಕ್ತಿಯಿಂದ ಹೊತ್ತು ತಂದಿದ್ದೆ. ಫಾಂಟನ್ನು ತಂದಿರಲಿಲ್ಲ, ಇಷ್ಟು ವರ್ಷಗಳಲ್ಲಿ ಒಂದು ಸಲವೂ ತೆರೆದು ನೋಡಿರಲಿಲ್ಲ. ನುಡಿ ಫಾಂಟು ಹುಡುಕಿ ಹಾಕಿಕೊಂಡ ಮೇಲೆ ಪೌಂಡುಗಳು ಕರಗಿ 'ಅಪ್ಪೆಹುಳಿ' ಎಂಬ ತಲೆಬರಹ ಕಾಣಿಸಿತು. ಅಪ್ಪೆಮಿಡಿ ಬೇಯಿಸಿ ಕಿವುಚಿ ನೀರು ಬೆರೆಸುವುದು, ಉಪ್ಪು ಅಂದಾಜು. ಎಲ್ಲ ಕಡೆಯೂ ಉಪ್ಪು ಅಂದಾಜೇ. ಮಲಗುವ ಮೊದಲು ಇಡೀ ಕಡತವನ್ನು, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡವಾಗಿಯೇ ಉಳಿಯುವ ಯುನಿಕೋಡಿಗೆ ಬದಲಾಯಿಸಿ ಇಟ್ಟೆ.

ಮರುದಿನ ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗ, ಮೇಜಿನ ಮೇಲೆ ಕಂಪ್ಯೂಟರಿಗೆ ಅಂಟಿಕೊಂಡೇ ಇದ್ದ ಡಿಸ್ಕನ್ನು ನೋಡಿ ನಕ್ಕ. "ಮಾವ, ಸಿಡಿಲು ಹೊಡೆದರೆ ಎರಡೂ ಒಟ್ಟಿಗೆ ಹೋಗುತ್ತವೆ. ಕಳ್ಳ ಬಂದರೆ ಎರಡನ್ನೂ ಒಂದೇ ಚೀಲಕ್ಕೆ ಹಾಕಿಕೊಳ್ಳುತ್ತಾನೆ. ಒತ್ತೆಹಣ ಕೇಳುವ ವೈರಸ್ಸು ಹೊಕ್ಕರೆ ತಂತಿಯ ಮೂಲಕ ಇದಕ್ಕೂ ಬೀಗ ಹಾಕುತ್ತದೆ." ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯ ಹೊರಗೆ: ಇದು ಕಂಪ್ಯೂಟರ್ ಕಸುಬಿನವರ ಸೂತ್ರವಂತೆ. ಹೊರಗಿನದಕ್ಕೆ ಅಂತರ್ಜಾಲದಲ್ಲೇ ಕಡತ ಇಡುವ ಕ್ಲೌಡ್ ಇದೆಯಲ್ಲ ಎಂದ. ಮಲೆನಾಡಿನಲ್ಲಿ ಹುಟ್ಟಿದವನಿಗೆ ಮೋಡದ ಮೇಲೆ ಅಷ್ಟೊಂದು ವಿಶ್ವಾಸ ಬರುವುದಿಲ್ಲ.

ಆದರೆ ಸೂತ್ರ ಮಾತ್ರ ನನಗೆ ಗೊತ್ತಿದ್ದದ್ದೇ. ನಮ್ಮ ಮನೆಯಲ್ಲಿ ಹೆಪ್ಪು ಕೆಟ್ಟ ದಿನ ಅಮ್ಮ ಸಣ್ಣ ಬಟ್ಟಲು ಕೊಟ್ಟು ಪಕ್ಕದ ಮನೆಗೆ ಅಟ್ಟುತ್ತಿದ್ದಳು. ಅವರ ಹೆಪ್ಪು ಯಾವಾಗಲೋ ನಮ್ಮಲ್ಲಿಂದಲೇ ಹೋದದ್ದು. ನಿನ್ನೆಯ ಮೊಸರಿನ ಪ್ರತಿ ಇವತ್ತಿನ ಮೊಸರು, ಅದರ ಇನ್ನೊಂದು ಪ್ರತಿ ಬೇಲಿಯಾಚೆ. ಯಾರೂ ಇದಕ್ಕೆ ಸಂಖ್ಯೆಯ ಸೂತ್ರ ಕಟ್ಟಿರಲಿಲ್ಲ, ಅಷ್ಟೆ.

ಮೈಸೂರಿನ ನನ್ನ ಪಕ್ಕದ ಮನೆಯವರಿಗೆ ಹಾರ್ಡ್ ಡಿಸ್ಕ್ ಕೊಟ್ಟು ಇಟ್ಟುಕೊಳ್ಳಿ ಎನ್ನುವಷ್ಟು ಸಲಿಗೆ ಇಲ್ಲ. ಅಷ್ಟರಲ್ಲಿ ಸಾಗರದ ಅಕ್ಕ ಉಪ್ಪಿನಕಾಯಿ ಕಳಿಸಿದ್ದ ಸ್ಟೀಲಿನ ಡಬ್ಬಿ ಕಣ್ಣಿಗೆ ಬಿತ್ತು. ಕೊಟ್ಟ ಮನೆಗೆ ಡಬ್ಬಿಯನ್ನು ಖಾಲಿ ಕಳಿಸಬಾರದು. ತಳದಲ್ಲಿ ಅಮ್ಮನ ಹಳೆಯ ಹತ್ತಿ ಸೀರೆಯ ತುಂಡಿನಲ್ಲಿ ಸುತ್ತಿದ ಡಿಸ್ಕು, ಮೇಲೆ ಮೈಸೂರು ಪಾಕಿನ ಪೊಟ್ಟಣ. ಒಳಗಿನ ತಟ್ಟೆ ನಿಮಿಷಕ್ಕೆ 5400 ಸುತ್ತು ಸುತ್ತುವಾಗ ಅಲುಗಿಸಬಾರದು, ನಿಂತಿರುವಾಗ ಓದುವ ಮುಳ್ಳು ಬದಿಗೆ ಸರಿದು ಮಲಗಿರುತ್ತದೆ, ಬಸ್ಸಿನ ಕುಲುಕಾಟಕ್ಕೆ ಹೆದರಬೇಕಿಲ್ಲ ಎಂದು ಅಳಿಯ ಭರವಸೆ ಕೊಟ್ಟು, ತಾನೇ ಒಯ್ದ.

ಮೂರನೆಯ ದಿನ ಅಕ್ಕ ಫೋನ್ ಮಾಡಿದಳು. ಡಿಸ್ಕನ್ನು ಅಟ್ಟದ ಮೇಲೆ, ಶೀತ ತಾಗದಂತೆ, ಒಲೆಯ ಗೋಡೆಗೆ ಹತ್ತಿರದಲ್ಲಿ ಇಟ್ಟಿದ್ದಾಳಂತೆ. ಅಷ್ಟು ಹತ್ತಿರ ಬೇಡ ಎಂದೆ. "ಅದಿರಲಿ ತಮ್ಮಾ, ಅದರಲ್ಲಿ ಅಮ್ಮನ ಅಪ್ಪೆಹುಳಿ ಇದೆಯಂತಲ್ಲ, ಏನು ಬರೆದಿದ್ದೀಯ ಓದು" ಎಂದಳು. ಓದಿದೆ. ಒಗ್ಗರಣೆಗೆ ಸಾಸಿವೆ, ಒಣಮೆಣಸು ಎಂಬಲ್ಲಿಗೆ ಬಂದಾಗ ತಡೆದಳು.

"ಇಂಗು?"

"ಇಲ್ಲಿ ಇಲ್ಲ."

"ಇಂಗಿಲ್ಲದೆ ಅಮ್ಮ ಅಪ್ಪೆಹುಳಿ ಮಾಡಿದ್ದನ್ನು ನಾನು ನೋಡಿಲ್ಲ. ನೀನು ಕೇಳಿಸಿಕೊಂಡಿಲ್ಲ. ಬರೆದುಕೋ."

ಬರೆದುಕೊಂಡೆ. ಈಗ ಮೈಸೂರಿನ ಪ್ರತಿಯಲ್ಲಿ ಇಂಗು ಇದೆ, ಸಾಗರದ ಅಟ್ಟದ ಮೇಲಿನದರಲ್ಲಿ ಇಲ್ಲ. ಅಕ್ಕನ ಮುಂದಿನ ಡಬ್ಬಿ ಬರುವುದನ್ನು ಕಾಯುತ್ತಿದ್ದೇನೆ.