ತಿನ್ನೋದು ಮೂರು ಗೋಲು, ತರೋದು ಸ್ಟ್ರೈಕರ್!

ಹೊಸ ವರ್ಷದ ಗದ್ದಲ ಮುಗಿಸಿ ಪ್ರವಾಸಿಗರು ಗೋವಾ ಬಿಟ್ಟು ಹೊರಡುವ ಹೊತ್ತಿಗೆ ಫುಟ್‌ಬಾಲ್ ಕ್ಲಬ್ಬಿಗೆ ಗೋಲು ಹೊಡೆಯುವ ಒಬ್ಬ ಸ್ಟ್ರೈಕರ್ ಬೇಕು ಅನ್ನಿಸತೊಡಗುತ್ತದೆ. ಯಾವ ಕ್ಲಬ್ಬು ಅಂತ ಹುಡುಕೋಕೆ ಹೋಗಬೇಡಿ. ಅದು ಇರೋದು ನನ್ನ ತಲೆಯಲ್ಲಿ. ಅದರ ಅಭಿಮಾನಿಗಳು ಮಾತ್ರ ವಾಸ್ಕೋದ ಬೈನಾದಲ್ಲಿ ಸಿಗುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ದುಡಿಯಲು ಬಂದು ಇಲ್ಲೇ ಉಳಿದ ನಮ್ಮವರು. ಕ್ರಿಕೆಟ್ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಇಲ್ಲೇ ಹುಟ್ಟಿದ ಮಕ್ಕಳು ಆಫ್‌ಸೈಡ್ ಕಲಿಸಿದರು.

ಅರ್ಧ ಸೀಸನ್ ಕಳೆದಿದೆ, ಆಟಗಾರರ ಖರೀದಿಗೆ ಜನವರಿ ಒಂದೇ ಉಳಿದಿದೆ. ತಂಡ ಎದುರಾಳಿಗಳಿಂದ ಪಂದ್ಯಕ್ಕೆ ಮೂರು ಗೋಲು ತಿನ್ನುತ್ತಿದೆ. ಹಿಂದಿನ ಸಾಲಿನಲ್ಲಿ ಎತ್ತಿನ ಗಾಡಿ ಹೋಗುವಷ್ಟು ಜಾಗ. ಆಡಳಿತದವರು ಬಾಗಿಲು ಹಾಕಿಕೊಂಡು ಸಭೆ ಮಾಡಿದರು. ಸಂಜೆಗೆ ರೋಗ ಪತ್ತೆಯಾಯಿತು: ನಮ್ಮಲ್ಲಿ ಸ್ಟ್ರೈಕರ್ ಇಲ್ಲ!

ಹೊಸಬ ಬರಬೇಕಾದರೆ ಹಳಬ ಜಾಗ ಬಿಡಬೇಕು. ವಿದೇಶಿಯರಿಗೆ ಕೋಟಾ ಇದೆಯಲ್ಲ. ದೇಶದ ದೊಡ್ಡ ಲೀಗ್ ಐಎಸ್‌ಎಲ್‌ನಲ್ಲೂ ಒಮ್ಮೆಗೆ ನಾಲ್ವರೇ ಮೈದಾನಕ್ಕೆ ಇಳಿಯೋದು. ಸರಿ, ಯಾರನ್ನು ಮನೆಗೆ ಕಳಿಸೋದು? ಗೋಲು ತಡೆಯುವ ಡಿಫೆಂಡರ್‌ನನ್ನು. ಇದ್ದವರಲ್ಲಿ ಅವನೊಬ್ಬನೇ ಗಟ್ಟಿಗ. ಇನ್ನು ಮೇಲೆ ನಾಲ್ಕು ತಿಂದರೇನಂತೆ, ಐದು ಹೊಡೆಯುತ್ತೇವಲ್ಲ ಅನ್ನೋದು ಲೆಕ್ಕ. ಅಲ್ಲಿಯ ತನಕ ಇಡೀ ಸೀಸನ್‌ಗೆ ಹೊಡೆದದ್ದೇ ಐದು.

ಆಮೇಲೆ ಶುರುವಾಯಿತು ಹಬ್ಬ. ಮೊದಲು ‘ನಾಳೆ ಒಂದು ಘೋಷಣೆ ಇದೆ’ ಎಂಬ ಘೋಷಣೆ. ಮರುದಿನ ಮುಖ ಕಾಣದ ಒಬ್ಬ ಮನುಷ್ಯ ತೆಂಗಿನ ಮರಗಳ ನಡುವೆ ಬೆನ್ನು ತೋರಿಸಿ ನಡೆದುಹೋಗುವ ವಿಡಿಯೋ. ವೈದ್ಯಕೀಯ ಪರೀಕ್ಷೆ ಇನ್ನೂ ಆಗಿಲ್ಲ, ಅಂಗಡಿಯಲ್ಲಿ ಅವನ ಹೆಸರಿನ ಜೆರ್ಸಿ ನೇತಾಡುತ್ತಿದೆ. ಕೂಸು ಹುಟ್ಟುವ ಮುಂಚೆ ಕುಲಾವಿ. ಕೊನೆಗೆ ಪರೀಕ್ಷೆಯ ಫೋಟೋನೂ ಬಂತು. ಎದೆ ತುಂಬ ವೈರು ಅಂಟಿಸಿಕೊಂಡು ಮಲಗಿ ಹೆಬ್ಬೆರಳು ಎತ್ತಿದ್ದಾನೆ. ನಮ್ಮೂರಲ್ಲಿ ಇಂಥ ಫೋಟೋ ಬಂದರೆ ನೆಂಟರು ರಾತ್ರಿ ಬಸ್ ಹತ್ತುತ್ತಾರೆ. ಇಲ್ಲಿ ಪಟಾಕಿ ಹೊಡೆದರು.

ಸ್ವಾಗತಕ್ಕೆ ಬೈನಾದ ಹುಡುಗರು ಟೆಂಪೋ ಮಾಡಿಕೊಂಡು ದಾಬೋಲಿಮ್ ವಿಮಾನ ನಿಲ್ದಾಣಕ್ಕೆ ಹೋದರು. ಡೊಳ್ಳು, ಗುಲಾಲು, ಆಳೆತ್ತರದ ಚೆಂಡು ಹೂವಿನ ಹಾರ. ಒಂದು ತಾಸು ಬಾರಿಸಿದರು. ಹೊರಗೆ ಬಂದ ಎತ್ತರದ ಬಿಳಿಯರಿಗೆಲ್ಲ ಜೈಕಾರ ಹಾಕಿದರು. ಒಬ್ಬ ರಷ್ಯಾದ ಅಜ್ಜ ಖುಷಿಯಿಂದ ಕೈ ಬೀಸಿಯೂ ಹೋದ. ಆಗ ಒಬ್ಬ ಮೊಬೈಲ್ ನೋಡಿ ಕೂಗಿದ, “ಲೇ, ಅವ ಮೋಪಾದಾಗ ಇಳದಾನಂತ!” 2023ರಿಂದ ಗೋವಾಕ್ಕೆ ಎರಡು ವಿಮಾನ ನಿಲ್ದಾಣ. ಮೋಪಾ ಇರೋದು ಉತ್ತರದ ಪೆಡ್ನೆ ತಾಲ್ಲೂಕಿನಲ್ಲಿ, ರಾಜ್ಯದ ಆ ತುದಿಗೆ. ಟೆಂಪೋದವನು ಅಲ್ಲಿಗೆ ಬೇರೆ ಬಾಡಿಗೆ ಕೇಳಿದ. ಹಾರ ಬಾಡಬಾರದು ಅಂತ ಟೆಂಪೋದ ಗಣಪತಿಗೇ ಹಾಕಿ ವಾಪಸ್ ಬಂದರು. ಮುಖವೂ ಮುಚ್ಚುವಷ್ಟು ಹಾರ, ಪಾಪ ಗಣಪತಿಗೆ ರಸ್ತೆಯೂ ಕಂಡಿರಲಿಕ್ಕಿಲ್ಲ.

ಈ ಹುಚ್ಚು ನಮ್ಮದೊಂದೇ ಅಲ್ಲ, ಅದನ್ನೂ ಹೇಳಬೇಕು. 2011ರ ಜನವರಿ 31ರಂದು ಇಂಗ್ಲೆಂಡಿನ ಚೆಲ್ಸಿ ಕ್ಲಬ್ 5 ಕೋಟಿ ಪೌಂಡ್ ಸುರಿದು ಸ್ಟ್ರೈಕರ್ ಫರ್ನಾಂಡೊ ಟೊರೆಸ್‌ನನ್ನು ತಂದಿತು. ಮೊದಲ ಗೋಲು ಬಿದ್ದದ್ದು ಏಪ್ರಿಲ್ 23ಕ್ಕೆ. ಟೊರೆಸ್ ಬಂದ ದಿನವೇ ಅಲ್ಲಿನ ಇನ್ನೊಂದು ಕ್ಲಬ್ ಲಿವರ್‌ಪೂಲ್ ಅದರ ಅರ್ಧ ದುಡ್ಡೂ ಕೊಡದೆ ಲೂಯಿಸ್ ಸುವಾರೆಜ್‌ನನ್ನು ತಂದಿತು. ಅವನು ಫೆಬ್ರವರಿ 2ಕ್ಕೆ, ಮೊದಲ ಪಂದ್ಯದಲ್ಲೇ ಗೋಲು ಹೊಡೆದ. ನಮ್ಮ ಆಡಳಿತದವರನ್ನು ಕೇಳಿ, ಸುವಾರೆಜ್ ಕಥೆ ಬಾಯಿಪಾಠ. ಟೊರೆಸ್ ಹೆಸರು ಎತ್ತಿದರೆ ಫೋನ್ ಬರುತ್ತದೆ, ಎದ್ದು ಹೋಗುತ್ತಾರೆ.

ಗೋವಾದವರಿಗೆ ವಿದೇಶಿ ಸ್ಟ್ರೈಕರ್ ರುಚಿ ಇನ್ನಷ್ಟು ಹತ್ತಿಸಿದ್ದು ಐಎಸ್‌ಎಲ್ ಕ್ಲಬ್ಬು ಎಫ್‌ಸಿ ಗೋವಾದ ಸ್ಪೇನ್ ಆಟಗಾರ ಕೋರೊ. 2017-18ರಲ್ಲಿ 18 ಗೋಲು, ಮರುವರ್ಷ 16. ಎರಡು ಸಲವೂ ಅತಿ ಹೆಚ್ಚು ಗೋಲು ಹೊಡೆದವನಿಗೆ ಸಿಗುವ ಗೋಲ್ಡನ್ ಬೂಟ್. ಅವನು ಬಂದದ್ದು ಸೀಸನ್‌ಗೆ ಮೊದಲೇ, ತಂಡದ ಜತೆ ಬೆವರು ಸುರಿಸಿ ತಯಾರಾದ. ಅಂಥ ಸಣ್ಣಪುಟ್ಟ ವಿಷಯ ಯಾರಿಗೆ ಬೇಕು?

ನಮ್ಮ ಕ್ಲಬ್ಬಿನಲ್ಲೂ ಒಬ್ಬ ಸ್ಟ್ರೈಕರ್ ಇದ್ದಾನೆ. ಇಲ್ಲಿನವನೇ, 20 ವರ್ಷದ ಹುಡುಗ. ಬೆಂಚಿನ ಆ ತುದಿಯಲ್ಲಿ ನೀರಿನ ಬಾಟಲಿಗಳ ಪಕ್ಕ ಕೂತಿರುತ್ತಾನೆ. ಹಿತ್ತಲ ಗಿಡ ಮದ್ದಲ್ಲ ನೋಡಿ. 2014ರಲ್ಲಿ ಐಎಸ್‌ಎಲ್ ಶುರುವಾದಾಗಿನಿಂದ 2024-25ರ ತನಕ ಒಬ್ಬ ಭಾರತೀಯನಿಗೂ ಗೋಲ್ಡನ್ ಬೂಟ್ ಸಿಕ್ಕಿಲ್ಲ. ದೇಶದ ತಂಡಕ್ಕೆ ಗೋಲು ಹೊಡೆಯುವವರು ಸಿಗದೆ, 2024ರ ಜೂನ್‌ನಲ್ಲಿ ವಿದಾಯ ಹೇಳಿದ್ದ ಸುನಿಲ್ ಚೆಟ್ರಿಯನ್ನು 2025ರ ಮಾರ್ಚ್‌ನಲ್ಲಿ ವಾಪಸ್ ಕರೆಸಿಕೊಂಡರು. ಆಗ ಅವರಿಗೆ 40. ಬಂದವರೇ ಮಾಲ್ಡೀವ್ಸ್ ವಿರುದ್ಧ ಗೋಲೂ ಹೊಡೆದರು. ಬೆಂಚಿನ ಹುಡುಗ ಚಿಂತೆ ಮಾಡಬೇಕಿಲ್ಲ. ಇನ್ನೂ 20 ವರ್ಷ ಟೈಮಿದೆ.

ಹೊಸಬ ಮೊದಲ ಪಂದ್ಯ ಆಡಲೇ ಇಲ್ಲ. ಅವನ ಹಳೆಯ ದೇಶದ ಫುಟ್‌ಬಾಲ್ ಸಂಸ್ಥೆಯಿಂದ ವರ್ಗಾವಣೆ ಸರ್ಟಿಫಿಕೇಟ್ ಬಂದಿರಲಿಲ್ಲ. ಗ್ಯಾಲರಿಯಲ್ಲಿ ಕೂತು ಕೈ ಬೀಸಿದ, ಜನ ಕುಣಿದರು. ತಂಡ ನಾಲ್ಕು ತಿಂದಿತು.

ಎರಡನೇ ಪಂದ್ಯಕ್ಕೆ ಕಾಗದ ಬಂತು, ಅವನೂ ಇಳಿದ. 90 ನಿಮಿಷ ಎದುರಾಳಿ ಗೋಲ್‌ಕೀಪರ್ ಜತೆ ಮಾತಾಡುತ್ತಾ ನಿಂತಿದ್ದ. ಚೆಂಡು ಅತ್ತ ಬಂದಿದ್ದರೆ ತಾನೇ?

“ಹೊಡಿತಾನೇನ್ರೀ ಕಾಕಾ ಇವ?” ಅಂತ ನನ್ನ ಪಕ್ಕದ ಹುಡುಗ ಕೇಳಿದ.

“ಹೊಡೀಲಿಕ್ಕೆ ಯಾರರ ಚೆಂಡ್ ಕೊಡಬೇಕಲ್ಲೋ ತಮ್ಮಾ,” ಅಂದರು ಕಾಕಾ, ಶೇಂಗಾ ಸಿಪ್ಪೆ ಊದುತ್ತಾ.

ಮತ್ತೆ ಸಭೆ ಆಯಿತು. ಚೆಂಡು ಕೊಡುವವನನ್ನು ತರೋಣ ಅಂದರೆ ಜನವರಿ ಮುಗಿದಿತ್ತು, ಆಟಗಾರರ ಖರೀದಿ ಬಂದ್. ಕೋಚ್‌ನನ್ನು ತೆಗೆಯೋಕೆ ಮಾತ್ರ ಅಂಥ ಗಡುವೇನೂ ಇಲ್ಲ. ತೆಗೆದರು. ಸಂಜೆಗೆ ಕ್ಲಬ್ ಕಡೆಯಿಂದ ಸುದ್ದಿ ಬಂತು: ನಾಳೆ ಒಂದು ಘೋಷಣೆ ಇದೆ. ಹುಡುಗರು ಈ ಸಲ ಟೆಂಪೋ ಮಾಡುವ ಮೊದಲು ಯಾವ ವಿಮಾನ ನಿಲ್ದಾಣ ಅಂತ ಕೇಳಿದ್ದಾರೆ.