ವೆಂಗುರ್ಲಾ ರೋಡಿನ ಆ ಕಡೆಯ ತುದಿ

ಬೆಳಗಾವಿಯಿಂದ ಹಿಂಡಲಗಾ ಕಡೆ ಹೋಗುವ ರಸ್ತೆಗೆ ವೆಂಗುರ್ಲಾ ರೋಡ್ ಅಂತ ಹೆಸರು. 40 ವರ್ಷ ಅದರ ಮೇಲೆ ಓಡಾಡಿದ್ದೇನೆ. ಕಳೆದ ತಿಂಗಳು ಅದರ ಇನ್ನೊಂದು ತುದಿ, ಮಹಾರಾಷ್ಟ್ರದ ಕೊಂಕಣ ಕರಾವಳಿಯ ವೆಂಗುರ್ಲಾ ಬಂದರು, ನೋಡಿದೆ. ಹೋಗಿದ್ದು ರಸ್ತೆಯಿಂದಲ್ಲ, ಸಮುದ್ರದಿಂದ.

ಗೆಳೆಯರೊಬ್ಬರ ಹಾಯಿದೋಣಿ, ನಾವು ನಾಲ್ಕು ಜನ. ನಸುಕಿನಲ್ಲಿ ಅದೇ ಕರಾವಳಿಯ ಮಾಲವಣದಿಂದ ಹೊರಟೆವು. ಸಿಂಧುದುರ್ಗ ಕೋಟೆ ನಿಧಾನಕ್ಕೆ ಹಿಂದೆ ಉಳಿಯಿತು. ವೆಂಗುರ್ಲಾಕ್ಕೆ ಸುಮಾರು 30 ಕಿಲೋಮೀಟರ್. ಬಸ್ಸಿಗೆ ಇದೇನು ದೂರ? ಆದರೆ ಹಾಯಿ ಗಾಳಿಯ ಮಾತು ಕೇಳಬೇಕು. ಚಳಿಗಾಲದಲ್ಲಿ ಅಲ್ಲಿ ರಾತ್ರಿ ನೆಲ ತಣ್ಣಗಾಗಿ, ಬೆಳಗಿನ ಜಾವ ಗಾಳಿ ನೆಲದಿಂದ ಸಮುದ್ರಕ್ಕೆ ಬೀಸುತ್ತದೆ. ಬಿಸಿಲೇರಿದರೆ ನಿಂತೇಬಿಡುತ್ತದೆ. ನಮ್ಮ ಹಾಯಿಯೂ ಎರಡು ತಾಸು ಸುಮ್ನೆ ಜೋತು ಬಿದ್ದಿತ್ತು. ಡಬ್ಬಿ ಬಿಚ್ಚಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಮಧ್ಯಾಹ್ನ ವಾಯವ್ಯದ ಕಡೆ ನೀರು ಕಪ್ಪಾಯಿತು. ಗಾಳಿ ಬಂತು! ಹಾಯಿ ಉಬ್ಬಿತು, ದೋಣಿ ಒಂದು ಮಗ್ಗುಲಿಗೆ ವಾಲಿ ಓಡತೊಡಗಿತು. ಮೋಟಾರಿನ ಸದ್ದಿಲ್ಲ, ನೀರು ಸೀಳುವ ಸದ್ದು ಮಾತ್ರ. ಬಲಗಡೆ ದೂರದಲ್ಲಿ ವೆಂಗುರ್ಲಾ ಬಂಡೆಗಳು, ಮೇಲೊಂದು ದೀಪಸ್ತಂಭ. ಅಲ್ಲಿನ ಗುಹೆಗಳಲ್ಲಿ ಪುಟ್ಟ ಹಕ್ಕಿಗಳು ತಮ್ಮ ಜೊಲ್ಲಿನಿಂದಲೇ ಗೂಡು ಕಟ್ಟುತ್ತವೆ.

ಗುಡ್ಡದ ಮೂಲೆ ಸುತ್ತಿ ಒಳಗೆ ತಿರುಗುತ್ತಲೇ ಅಲೆ ತಗ್ಗಿತು. ಲಂಗರು ಹಾಕಿ, ಚಿಕ್ಕ ದೋಣಿಯಲ್ಲಿ ಧಕ್ಕೆಗೆ ಬಂದೆವು. ಬಲೆ ಹೆಣೆಯುತ್ತ ಕೂತಿದ್ದ ಹಿರಿಯರೊಬ್ಬರು ಮರಾಠಿಯಲ್ಲಿ ಯಾವೂರು ಅಂತ ಕೇಳಿದರು. ಬೆಳಗಾವಿ ಅಂದೆ. "ಹಾಗಾದ್ರೆ ನಿಮ್ಮೂರಿನ ದಾರಿ ಇಲ್ಲಿಂದಲೇ ಶುರು" ಅಂದರು. ನನಗೆ ಮಾತೇ ಹೊರಡಲಿಲ್ಲ.

ನಮ್ಮ ಮುತ್ಯಾ ಹೇಳುತ್ತಿದ್ದರು, ಅವರ ಅಜ್ಜ ಚಕ್ಕಡಿ ಹೂಡಿಕೊಂಡು "ಬಂದರಕ್ಕೆ" ಹೋಗುತ್ತಿದ್ದರಂತೆ. ಹೋಗುವಾಗ ಹತ್ತಿ, ಬರುವಾಗ ಉಪ್ಪು, ತೆಂಗಿನಕಾಯಿ. ಯಾವ ಬಂದರ ಅಂತ ನಾನು ಕೇಳಲೇ ಇಲ್ಲ. ಈಗ ಕೇಳೋಣವೆಂದರೆ ಮುತ್ಯಾ ಇಲ್ಲ.

ರೈಲು ಬರುವ ಮುಂಚೆ ಬೆಳಗಾವಿಯ ಮಾಲು ಘಟ್ಟ ಇಳಿದು ವೆಂಗುರ್ಲಾದಲ್ಲಿ ಹಡಗು ಹತ್ತುತ್ತಿತ್ತು. ನಮ್ಮ ಬೆಳಗಾವಿ ಕ್ಯಾಂಪಿನ ಬ್ರಿಟಿಷ್ ದಂಡಿಗೂ ಸಾಮಾನು ಅಲ್ಲಿಂದಲೇ ಬರುತ್ತಿತ್ತು. ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿಗೆ ಹೋಗುತ್ತಿತ್ತು. ಹಾಗಾಗಿ ಪೇಟೆಯಲ್ಲಿ ಅದರ ಹೆಸರೇ ಕುಮಟಾ ಹತ್ತಿ! ಬೆಳೆದ ರೈತನ ಊರಿನ ಹೆಸರು ಬರಲಿಲ್ಲ, ಹಡಗು ಹತ್ತಿಸಿದ ಊರಿನ ಹೆಸರು ಬಂತು. ಮಳೆಗಾಲದಲ್ಲಿ ಎಲ್ಲ ಬಂದ್. ನೂಲು ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಕೊಟ್ಟ ಮೇಲೆ ಮತ್ತೆ ಹಾಯಿ ಏರುತ್ತಿತ್ತು. 1888ರಲ್ಲಿ ಗೋವಾದ ಮುರಗಾಂವ ಬಂದರಿನಿಂದ ಘಟ್ಟದ ಮೇಲಿನ ಕ್ಯಾಸಲ್‌ರಾಕ್‌ವರೆಗೆ ರೈಲು ದಾರಿ ಪೂರ್ತಿಯಾಯಿತು. ಮಾಲೆಲ್ಲ ಆ ಕಡೆ ತಿರುಗಿತು. ವೆಂಗುರ್ಲಾ ಮೀನಿನ ಊರಾಗಿ ಉಳಿಯಿತು. ಡಚ್ಚರ ಹಳೆಯ ವಖಾರಿಯೂ ಪಾಳು ಬಿದ್ದಿದೆ. ನೋಡಿ ಹೊಟ್ಟೆ ಉರಿಯಿತು.

ಇದನ್ನು ಗಡಿ ಜಗಳಕ್ಕೆ ಎಳೆಯಬೇಡಿ. ಆ ಊರು ನಮಗೆ ಸೇರಬೇಕು ಅಂತ ನಾನು ಹೇಳುತ್ತಿಲ್ಲ. ನಾವು ಆ ಊರಿನ ಜೊತೆ ಬದುಕಿದವರು ಅನ್ನುವುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು, ಅಷ್ಟೇ. ಶಾಲೆಯವರು ಟ್ರಿಪ್ ಅಂದರೆ ಗೋವಾ ಬೀಚಿಗೇ ಜಾಸ್ತಿ ಹೋಗುತ್ತಾರೆ, ಅಲ್ವಾ? ಒಂದು ಸಲ ಈ ಧಕ್ಕೆಯ ಮೇಲೂ ಮಕ್ಕಳನ್ನು ನಿಲ್ಲಿಸಿ. ಅಜ್ಜಂದಿರ ಎತ್ತುಗಳು ಎಲ್ಲಿ ನೀರು ಕಂಡು ನಿಂತವು ಅಂತ ತೋರಿಸಿ.

ದೀಪಾವಳಿ ರಜೆಯಲ್ಲಿ ಅಣ್ಣನ ಮಕ್ಕಳಿಬ್ಬರನ್ನು ಕರೆದುಕೊಂಡು ಹೋಗುತ್ತೇನೆ. ಈ ಸಲ ರಸ್ತೆಯಿಂದಲೇ. ಹಿಂಡಲಗಾದಿಂದ ಶುರು, ಅಂಬೋಲಿ ಘಾಟ್ ಇಳಿದು, ನೀರು ಮುಟ್ಟುವ ತನಕ. ಗಾಡಿಯಲ್ಲಿ ಇನ್ನೂ ಇಬ್ಬರಿಗೆ ಜಾಗ ಇದೆ. ಬರುವವರು ಹೇಳಿ.